ಎಡಗಿವಿ ಮುಟ್ಟಿದ ಮಕ್ಕಳು

ಬಿಳಿಗಲ್ಲಹಟ್ಟಿ, ಅಂಚೆ ರಾಮಗಿರಿ
14-5-1973

ಧಾರವಾಡದಲ್ಲಿರುವ ನನ್ನ ಅಕ್ಕನ ಮಗಳು ಚಂದ್ರಕ್ಕನಿಗೆ, ಸೋದರಮಾವ ದಾಸಣ್ಣ ಯಾರ ಕೈಯಲ್ಲೂ ಬರೆಸದೆ ಸ್ವಂತ ಕೈಯಿಂದ ಬರೆದ ಕಾಗದ.

ನೀನು ಬಸ್ಸು ಹತ್ತಿ ಹೋಗಿ ಇವತ್ತಿಗೆ ಹನ್ನೆರಡು ದಿನ. ಆ ದಿನ ನಾನು ಅತ್ತೆನೆಂದು ಕಂಡಕ್ಟರ್ ಕರಿಸಿದ್ದಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ನಂಬಬೇಡ. ಬಸ್ಸಿನ ಧೂಳು ಕಣ್ಣಿಗೆ ಬಿದ್ದಿತ್ತು. ಎರಡು ಕಣ್ಣಿಗೂ ಬಿತ್ತು, ಅದಕ್ಕೆ ನಾನೇನು ಮಾಡಲಿ.

ಬಾಲವಾಡಿಯ ವಿಷಯ ಕೇಳು. ಹೋಗುವಾಗ ನೀನು ಏನು ಹೇಳಿದೆ? "ಮಾವ, ಕೊಟ್ರಮ್ಮ ಉಪ್ಪಿಟ್ಟು ಮಾಡ್ತಾಳೆ, ನೀನು ಬಾಗ್ಲು ತೆಗ್ದು ಮಕ್ಳನ್ನ ಕುಂದ್ರಿಸ್ಕಂಡಿದ್ರೆ ಸಾಕು. ಹತ್ತು ತಿಂಗ್ಳು ಇಪ್ಪತ್ತೈದು ಮಕ್ಳು ತಪ್ಪದಂಗೆ ನೋಡ್ಕ. ಇಪ್ಪತ್ತೈದು ಇದ್ರೆ ತರಬೇತಿ ಮುಗ್ಸಿ ನಮ್ಮೂರಿಗೇ ಬರ್ತೀನಿ. ಕಮ್ಮಿಯಾದ್ರೆ ಬಾಲವಾಡಿ ಮುಚ್ತಾರೆ, ನನ್ನ ಬೇರೆ ಊರಿಗೆ ಹಾಕ್ತಾರೆ." ಇಪ್ಪತ್ತೈದಂತೆ. ಇವತ್ತಿನ ಹಾಜರಿ ಮೂವತ್ತೊಂದು. ದಾಸಣ್ಣನ ಮುಂದೆ ಇಪ್ಪತ್ತೈದರ ಲೆಕ್ಕ ಹೇಳಲು ನಿನಗೆ ನಾಚಿಕೆಯಾಗಬೇಕಿತ್ತು.

ನೀನು ಮೂರು ವರ್ಷ ಹಾಡು, ಕುಣಿತ ಎಂದು ಮಾಡಿದೆ. ನಾನು ಹನ್ನೆರಡು ದಿನದಲ್ಲಿ ಹುಣಸೆಬೀಜ ಇಟ್ಟುಕೊಂಡು ಇಪ್ಪತ್ತರವರೆಗೆ ಎಣಿಕೆ ಕಲಿಸಿದ್ದೇನೆ. ನನ್ನ ಕಾಲದ ನಾಲ್ಕನೇ ತರಗತಿ ಎಂದರೆ ಈಗಿನ ಎಸ್ಸೆಸ್ಸೆಲ್ಸಿ ಎಂದು ನೀನೇ ಒಮ್ಮೆ ಒಪ್ಪಿದ್ದೆ. ಒಪ್ಪಿರಲಿಲ್ಲ ಎಂದು ಈಗ ಹೇಳಬೇಡ. ಕೊಟ್ರಮ್ಮನ ಬಾಯಿ ಮಾತ್ರ ನೀನಿದ್ದಾಗಿನಂತೆಯೇ ಇದೆ. ನಿನ್ನೆ ಎಲ್ಲ ಮಕ್ಕಳ ಮುಂದೆ, "ಏನಪ್ಪ ದಾಸಣ್ಣ, ಹಾಜ್ರಿ ಬರೀವಾಗ ನಿಂದೂ ಸೇರಿಸ್ಕಂಡ್ಬಿಡು, ತಟ್ಟೆ ಹಿಡ್ಕಂಡು ಎಲ್ರಿಗಿಂತ ಮುಂದೆ ನೀನೇ ಕುಂತಿರ್ತೀಯ" ಎಂದಳು. ಉಪ್ಪು ಸರಿಯಿದೆಯೇ ಎಂದು ನೋಡುವವರು ಯಾರಾದರೂ ಬೇಕಲ್ಲವೇ.

ಮನೆ ಹೇಗಿದೆ ಎಂದು ಕೇಳಬೇಡ. ಮನೆಗೇನು, ಇದ್ದಲ್ಲೇ ಇದೆ.

ನಿನ್ನ ಮಾವ
ದಾಸಣ್ಣ
ನಾಲ್ಕನೇ ತರಗತಿ ತೇರ್ಗಡೆ, ಹಂಗಾಮಿ ಮೇಷ್ಟ್ರು


ಧಾರವಾಡ
28-5-1973

ಮಾವ,

ನಿನ್ನ ಕಾಗದ ಬಂತು. ನನ್ನ ಕೋಣೆಯಲ್ಲಿರುವ ಮೂವರಿಗೂ ಓದಿ ಹೇಳಿದೆ. ಎರಡು ಕಣ್ಣಿಗೂ ಧೂಳು ಬಿದ್ದ ಕಡೆ ಎಲ್ಲರೂ ನಕ್ಕರು.

ನಾನು ಚೆನ್ನಾಗಿದ್ದೇನೆ. ಬಾಲಸೇವಿಕೆಯ ತರಬೇತಿಗೆ ಬಂದವರು ಒಟ್ಟು ಮೂವತ್ತಾರು ಜನ. ನಮ್ಮ ಜಿಲ್ಲೆಯವಳು ನಾನೊಬ್ಬಳೇ. ನಾನು "ಐತೆ" ಎಂದರೆ ಇಲ್ಲಿಯವರಿಗೆ ತಮಾಷೆ. ಇನ್ನೊಮ್ಮೆ ಹೇಳು ಎನ್ನುತ್ತಾರೆ, ಹೇಳುತ್ತೇನೆ. ಊಟಕ್ಕೆ ತೊಂದರೆಯಿಲ್ಲ.

ಮಾವ, ಒಂದು ಮಾತು. ಇಲ್ಲಿ ನಮಗೆ ಮೊದಲು ಹೇಳಿಕೊಟ್ಟದ್ದೇ ಇದು. ನಾಲ್ಕು ವರ್ಷದ ಮಗುವಿಗೆ ಎಣಿಕೆ, ಅಕ್ಷರ ಎಂದು ಅವಸರ ಮಾಡಬಾರದು. ಹೊಟ್ಟೆ ತುಂಬಬೇಕು, ಆಡಬೇಕು, ಹೆದರಿಕೆ ಹೋಗಬೇಕು. ಮನೆಯಲ್ಲಿ ಒಂದು ಪುಸ್ತಕವೂ ಇಲ್ಲದ, ಬೆಳಗಾದರೆ ಅಪ್ಪ ಅವ್ವ ಕೂಲಿಗೆ ಹೋಗುವ ಮಕ್ಕಳಿಗೆ ಶಾಲೆಯೆಂದರೆ ಹೆದರಿಕೆ ಬಾರದಂತೆ ಮಾಡುವುದೇ ನಮ್ಮ ಕೆಲಸವಂತೆ. ಉಳಿದದ್ದು ಆಮೇಲೆ ತಾನೇ ಬರುತ್ತದೆಯಂತೆ.

ದುರುಗಕ್ಕನ ಮಗಳು ನಿಂಗಿ ಬರುತ್ತಿದ್ದಾಳೆಯೇ? ಅವಳಿಗೆ ನಾಲ್ಕೂವರೆ ತುಂಬಿದರೂ ಮೂರರ ಮಗುವಿನಂತೆ ಇದ್ದಾಳೆ. ಹಾಲು ಎರಡು ಲೋಟ ಕೊಡಿಸು. ಮಾತಾಡಿಸಿದರೆ ತಲೆ ಬಗ್ಗಿಸುತ್ತಾಳೆ, ಒತ್ತಾಯ ಮಾಡಬೇಡ.

ಮನೆ ಹೇಗಿದೆ ಎಂದು ಕೇಳುವುದಿಲ್ಲ.

ಚಂದ್ರಕ್ಕ


ಬಿಳಿಗಲ್ಲಹಟ್ಟಿ
24-6-1973

ಚಂದ್ರಕ್ಕನಿಗೆ ಮಾವ ತಿಳಿಸುವುದೇನೆಂದರೆ, ಊರಿನಲ್ಲಿ ನಿನ್ನ ಬಾಲವಾಡಿಯ ಹೆಸರು ಏನೆಂದು ಕೇಳುತ್ತೀಯ. ಕೂತುಕೊಂಡು ಓದು.

ಶಾಲೆ ಶುರುವಾದ ಮೇಲೆ ಹೆಡ್‌ಮೇಷ್ಟ್ರು ನಾಗರಾಜಪ್ಪ ನಮ್ಮ ಬಾಗಿಲಿಗೆ ಬಂದು ನಿಂತ. ಕೊಡೆ ಊರಿಕೊಂಡು ಹೇಳುತ್ತಾನೆ, "ಏನಪ್ಪ ದಾಸಣ್ಣ, ನಿನ್ನ ಮಕ್ಳು ಉಪ್ಪಿಟ್ಟಿಗೆ ಕೈ ಚಾಚೋದು ಬಿಟ್ರೆ ಇನ್ನೇನಾರ ಕಲ್ತವೇನು?"

"ನಿಮ್ ಒಂದ್ನೇ ಕ್ಲಾಸಿನವಕ್ಕಿಂತ ಜಾಸ್ತಿ ಕಲ್ತವೆ ಮೇಷ್ಟ್ರೇ" ಎಂದೆ.

"ಒಂದ್ನೇ ಕ್ಲಾಸಿಗೆ ಬರ್ಬೇಕಾದ್ರೆ ಮೊದ್ಲು ಕಿವಿ ಮುಟ್ಬೇಕಪ್ಪ. ನಿನ್ನವು ಎಲ್ಲಾ ಗೇಣುದ್ದ ಅವೆ."

ನಿನಗೆ ಗೊತ್ತಿದೆಯಲ್ಲ, ನಮ್ಮ ಊರಿನಲ್ಲಿ ಹುಟ್ಟಿದ ತಾರೀಖು ಬರೆದಿಟ್ಟವರು ಯಾರಿದ್ದಾರೆ. ಬಲಗೈಯನ್ನು ನೆತ್ತಿಯ ಮೇಲಿನಿಂದ ತಂದು ಎಡಗಿವಿ ಮುಟ್ಟಿದರೆ ಮಗುವಿಗೆ ಆರು ವರ್ಷ, ಮುಟ್ಟದಿದ್ದರೆ ಇಲ್ಲ. ನನ್ನನ್ನೂ ಹಾಗೇ ಸೇರಿಸಿಕೊಂಡದ್ದು, ನಿನ್ನನ್ನೂ ಹಾಗೇ ಸೇರಿಸಿಕೊಂಡದ್ದು. ನಾನು ಹೇಳಿದೆ, "ಸೋಮವಾರ ಬರ್ರಿ ಮೇಷ್ಟ್ರೇ. ಎಷ್ಟು ಜನ ಮುಟ್ತಾರೆ ನೋಡಾಣ."

ನಾಲ್ಕು ದಿನ ನನಗೆ ಬೇರೆ ಕೆಲಸವೇ ಇರಲಿಲ್ಲ. ಕೈ ಚಾಚಿ ಎಂದರೆ ಮಕ್ಕಳಿಗೆ ಬರುವುದಿಲ್ಲ. "ಎಡಗಿವಿ ಮ್ಯಾಲೆ ಹೇನು ಕುಂತೈತೆ, ಎಡಗೈ ಕಟ್ಟಾಕಿದಾರೆ, ಈಗೆಂಗೆ ಹಿಡೀತೀರಿ" ಎಂದೆ. ನೋಡು ಆಗ. ತಲೆ ಒಂದಿಷ್ಟು ಬಲಕ್ಕೆ ವಾಲಿತು, ಭುಜ ಒಂದಿಷ್ಟು ಮೇಲೆ ಹೋಯಿತು, ಬೆರಳು ಕಿವಿಗೆ ಬಂತು. ಬುದ್ಧಿ ಎಂದರೆ ಇದು. ನಿಮ್ಮ ಧಾರವಾಡದಲ್ಲಿ ಇದನ್ನು ಹೇಳಿಕೊಡುತ್ತಾರೆಯೇ?

ಸೋಮವಾರ ನಾಗರಾಜಪ್ಪ ಬಂದ. ಮೂವತ್ತೊಂದರಲ್ಲಿ ಹತ್ತೊಂಬತ್ತು ಮಕ್ಕಳು ಕಿವಿ ಮುಟ್ಟಿದವು. ಕೊನೆಗೆ ನಿಂಗಿ. ಮುಟ್ಟಲಾರಳು ಎಂದು ಕೊಟ್ರಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ನಿಂಗಿ ನನ್ನ ಮುಖವನ್ನೇ ನೋಡುತ್ತ, ಕತ್ತು ಪೂರಾ ವಾಲಿಸಿ, ಬೆರಳ ತುದಿಯನ್ನು ಕಿವಿಗೆ ತಾಗಿಸಿದಳು. ಮೇಷ್ಟ್ರು ಕಂಡೂ ಕಾಣದವನ ಹಾಗೆ ಬರೆದುಕೊಂಡ. ಅವನಿಗೂ ಒಂದನೇ ಕ್ಲಾಸಿಗೆ ಮಕ್ಕಳು ಹೆಚ್ಚಾದರೆ ಇನ್ನೊಬ್ಬ ಮೇಷ್ಟ್ರು ಬರುತ್ತಾನಂತೆ. ಹತ್ತೊಂಬತ್ತು ಜನರ ಹೆಸರೂ ಅಲ್ಲೇ ಶಾಲೆಯ ಪುಸ್ತಕಕ್ಕೆ ಬಿತ್ತು.

ದುರುಗಕ್ಕ ಸಂಜೆ ಕೂಲಿಯಿಂದ ಬಂದು ಕೇಳಿ, "ನನ್ ಮಗ್ಳು ಇಸ್ಕೂಲಿಗೆ ಸೇರಿದ್ಲೇನಣ್ಣ" ಎಂದು ನನ್ನ ಕಾಲು ಮುಟ್ಟಿದಳು. ಊರಿನವರೆಲ್ಲ ಈಗ ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ. ಎಲ್ಲರೂ ಅಲ್ಲ, ಕೆಲವರು.

ನಿನ್ನ ಮಾವ
ದಾಸಣ್ಣ ಮೇಷ್ಟ್ರು


ಧಾರವಾಡ
3-7-1973

ಮಾವ,

ಕಾಗದ ಓದಿ ನಗು ಬರಲಿಲ್ಲ. ಶಾಲೆಯ ಪುಸ್ತಕದಲ್ಲಿ ಹೆಸರು ಬಿದ್ದರೆ ನಮ್ಮ ಪುಸ್ತಕದಿಂದ ಹೆಸರು ಹೋಗುತ್ತದೆ, ನಿನಗೆ ಗೊತ್ತಿರಲಿಲ್ಲವೇ? ಮೂವತ್ತೊಂದರಲ್ಲಿ ಹತ್ತೊಂಬತ್ತು ಹೋದರೆ ಹನ್ನೆರಡು. ಹೊಳಲ್ಕೆರೆಯಿಂದ ಮುಖ್ಯಸೇವಿಕೆ ಅಮ್ಮಾವ್ರು ಆಗಸ್ಟಿನಲ್ಲಿ ಎಣಿಸಲು ಬರುತ್ತಾರೆ.

ಅದಕ್ಕಿಂತ ಹೆಚ್ಚಿಗೆ, ನಿಂಗಿ ಅಲ್ಲಿ ಕೂರಲಾರಳು. ಅವಳಿಗೆ ಮಧ್ಯಾಹ್ನ ನಿದ್ದೆ ಬೇಕು. ಈಗಲೇ ನಾಗರಾಜಪ್ಪ ಮೇಷ್ಟ್ರ ಹತ್ತಿರ ಹೋಗಿ, ಆರು ತುಂಬದ ಮಕ್ಕಳ ಹೆಸರನ್ನು ವಾಪಸು ತೆಗೆಸು. ತಪ್ಪಾಯಿತು ಎಂದು ಒಂದು ಮಾತು ಹೇಳಿದರೆ ಅವರು ಕೇಳುತ್ತಾರೆ. ಆ ಒಂದು ಮಾತು ನಿನ್ನ ಬಾಯಲ್ಲಿ ಬರುವುದಿಲ್ಲ ಎಂದು ನನಗೆ ಗೊತ್ತು. ನನಗಾಗಿ ಹೇಳು.

ಎಷ್ಟು ಮಕ್ಕಳು ಉಳಿದರು, ತಕ್ಷಣ ಬರೆ.

ಚಂದ್ರಕ್ಕ


ಬಿಳಿಗಲ್ಲಹಟ್ಟಿ
22-7-1973

ಚಂದ್ರಕ್ಕನಿಗೆ,

ತಕ್ಷಣ ಬರೆ ಎಂದಿದ್ದೆ. ಬಿತ್ತನೆಯ ಕಾಲ, ಹೊತ್ತು ಸಿಗಲಿಲ್ಲ.

ನೀನು ಗಾಬರಿಯಾಗುವ ಹುಡುಗಿ ಎಂದು ನಿನ್ನ ಅವ್ವನೂ ಹೇಳುತ್ತಿದ್ದಳು. ಹತ್ತೊಂಬತ್ತು ಹೋದರೆ ಹೋಗಲಿ, ನಾನೇನು ಸುಮ್ಮನೆ ಕೂರುವವನೇ? ಹಳ್ಳದಾಚೆಯ ಹಟ್ಟಿಗೆ ಹೋದೆ. ಕುರಿ ಕಾಯುವ ಎತ್ತಪ್ಪನ ಮನೆಯ ಅಂಗಳದಲ್ಲಿ ನಿಂತು ಒಂದು ಭಾಷಣ ಮಾಡಿದೆ. ಮಾರನೆಯ ದಿನ ಹದಿನೆಂಟು ಹೊಸ ಮಕ್ಕಳು. ಈಗ ಮೂವತ್ತು. ಕೊಟ್ರಮ್ಮನಿಗೆ ಪಾತ್ರೆ ಸಾಲುವುದಿಲ್ಲ.

ಮೇಷ್ಟ್ರ ಹತ್ತಿರ ಹೋಗುವ ಅವಶ್ಯಕತೆ ಬೀಳಲಿಲ್ಲ. ನಿಂಗಿ ಒಂದನೇ ಕ್ಲಾಸಿನಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಅ, ಆ ಬರೆಯುತ್ತಾಳೆ. ನೀನು ನಿನ್ನ ಪಾಠದ ಕಡೆ ನೋಡು.

ನಿನ್ನ ಮಾವ
ದಾಸಣ್ಣ ಮೇಷ್ಟ್ರು


ಬಿಳಿಗಲ್ಲಹಟ್ಟಿ
2-9-1973

ಚಂದ್ರಕ್ಕನಿಗೆ,

ಬುಧವಾರ ಹೊಳಲ್ಕೆರೆಯಿಂದ ಅಮ್ಮಾವ್ರು ಬಂದಿದ್ದರು. ಜೀಪಿನಲ್ಲಿ ಬಂದರು. ಎಲ್ಲ ನೋಡಿದರು. ನನ್ನ ಅಕ್ಷರ ನೋಡಿ, ಇದನ್ನು ಯಾರು ಬರೆದವರು ಎಂದರು. ನಾನೇ ಎಂದೆ. ಮಕ್ಕಳಿಂದ ಒಂದು ಪದ್ಯ ಹೇಳಿಸಿದೆ. ಬಹಳ ಸಂತೋಷಪಟ್ಟುಕೊಂಡು ಹೋದರು. ಅಷ್ಟೇ ವಿಶೇಷ.

ಈ ಸಲ ಕಾಗದ ಗಿಡ್ಡವಾಯಿತು ಎನ್ನಬೇಡ. ಸೀಮೆಎಣ್ಣೆ ಮುಗಿದಿದೆ.

ದಾಸಣ್ಣ


ಧಾರವಾಡ
11-9-1973

ಮಾವ,

ನಿನ್ನ ಕಾಗದ ಓದಿ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಕೋಣೆಯವರಿಗೆಲ್ಲ ಹೇಳಿದೆ, ನಮ್ಮ ಮಾವ ನಾಲ್ಕನೇ ಕ್ಲಾಸು ಓದಿ ನನ್ನ ಕೆಲಸ ಉಳಿಸಿದ ಎಂದು. ನೀನು ಮಾತಾಡುವುದೆಲ್ಲ ಜಂಬ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ.

ದಸರೆಗೆ ಆರು ದಿನ ರಜೆ. ಎಲ್ಲರೂ ಊರಿಗೆ ಹೊರಟಿದ್ದಾರೆ. ನನಗೆ ಕೊಡುವ ವಿದ್ಯಾರ್ಥಿವೇತನದಲ್ಲಿ ಚೂರು ಚೂರು ಉಳಿಸಿದ್ದೇನೆ, ಹೋಗಿ ಬರಲು ಸಾಕು. ಮಕ್ಕಳನ್ನು ನೋಡಬೇಕು. ಹೊಸದಾಗಿ ಬಂದ ಹದಿನೆಂಟು ಮಕ್ಕಳ ಹೆಸರೂ ನನಗೆ ಗೊತ್ತಿಲ್ಲ, ಬರೆದು ಕಳಿಸು. ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡು ಬರುತ್ತೇನೆ.

ಬರಲೇ?

ಚಂದ್ರಕ್ಕ


ಬಿಳಿಗಲ್ಲಹಟ್ಟಿ
19-9-1973

ಚಂದ್ರಕ್ಕನಿಗೆ,

ಈಗ ಬರುವುದು ಬೇಡ. ಅಲ್ಲಿಂದ ಇಲ್ಲಿಗೆ ಸುಮ್ಮನೆ ಖರ್ಚು. ಹೊಸ ಮಕ್ಕಳು ಈಗಷ್ಟೇ ನನಗೆ ಹೊಂದಿಕೊಂಡಿದ್ದಾರೆ. ನೀನು ಆರು ದಿನಕ್ಕೆ ಬಂದು ಹೋದರೆ ಮತ್ತೆ ಅಳಲು ಶುರು ಮಾಡುತ್ತಾರೆ. ನನಗೂ ಪುರುಸೊತ್ತಿಲ್ಲ. ತಿಪ್ಪೇರುದ್ರಪ್ಪನ ಹೊಲದ ಶೇಂಗಾ ಕಾವಲಿಗೆ ಒಪ್ಪಿಕೊಂಡಿದ್ದೇನೆ, ಮನೆಯಲ್ಲಿ ಇರುವುದಿಲ್ಲ.

ಹೆಸರು ಬರೆಯಲು ಕಾಗದದಲ್ಲಿ ಜಾಗವಿಲ್ಲ.

ದಾಸಣ್ಣ


ಧಾರವಾಡ
12-10-1973

ಮಾವ,

ನಾನು ಇಲ್ಲೇ ಉಳಿದೆ. ಹಾಸ್ಟೆಲಿನಲ್ಲಿ ನಾನು ಮತ್ತು ಕಾವಲಿನ ಅಜ್ಜಿ ಇಬ್ಬರೇ ಇದ್ದೆವು. ಹಬ್ಬ ಚೆನ್ನಾಗಿ ಆಯಿತು.

ಕೆಲಸಕ್ಕೆ ಯಾವ ಊರು ಬೇಕು ಎಂದು ಒಂದು ಅರ್ಜಿ ತುಂಬಿಸಿಕೊಂಡರು. ಎಲ್ಲರೂ ತಮ್ಮ ತಮ್ಮ ಊರು ಬರೆದರು. ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಎಲ್ಲಾದರೂ ಆಗಬಹುದು ಎಂದು ಬರೆದೆ.

ಚಂದ್ರಕ್ಕ


ಬಿಳಿಗಲ್ಲಹಟ್ಟಿ
6-11-1973

ಚಂದ್ರಕ್ಕನಿಗೆ,

ಬರೀ ಕಾರ್ಡು ಹಾಕಿದ್ದೀಯ. ಇನ್ಲೆಂಡ್ ಪತ್ರ ಅಲ್ಲಿ ಸಿಗುವುದಿಲ್ಲವೇ? ಎಲ್ಲಾದರೂ ಆಗಬಹುದು ಎಂದು ಯಾಕೆ ಬರೆದೆ? ನಿನ್ನ ಊರು ಇಲ್ಲವೇ?

ಹೋದ ಗುರುವಾರ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬದಲಾಯಿಸಿದರು. ಶಾಲೆಯಲ್ಲಿ ಮಕ್ಕಳಿಗೆ ಪೆಪ್ಪರಮೆಂಟು ಹಂಚಿದರು. ನಾಗರಾಜಪ್ಪ ಭಾಷಣ ಮಾಡಿದ. ನಾನೂ ಹೋಗಿ ಹಿಂದೆ ನಿಂತಿದ್ದೆ. ನನಗೂ ಒಂದು ಕೊಟ್ಟರು, ಬಾಯಿಗೆ ಹಾಕಿಕೊಳ್ಳಲಿಲ್ಲ. ಯಾರಿಗೆ ಕೊಡುವುದು ಎಂದು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಇರುವೆ ಹತ್ತಿತು.

ಮಕ್ಕಳು ಚೆನ್ನಾಗಿದ್ದಾರೆ. ಮೂವತ್ತು ಜನ ಇದ್ದಾರೆ.

ದೊಡ್ಡ ಕಾಗದ ಬರೆ. ನಿನ್ನ ಜೊತೆಯ ಹುಡುಗಿಯರಿಗೆ ನನ್ನ ಕಾಗದ ಓದುತ್ತೀಯಾ ಈಗಲೂ?

ದಾಸಣ್ಣ


ಧಾರವಾಡ
16-12-1973

ಮಾವನವರಿಗೆ,

ನಿನ್ನೆ ನಮ್ಮ ಆಫೀಸಿಗೆ ಜಿಲ್ಲೆಯಿಂದ ಕಾಗದ ಬಂತು. ನನ್ನನ್ನು ಹೊಸದುರ್ಗ ತಾಲೂಕಿನ ಒಂದು ಹಳ್ಳಿಗೆ ಹಾಕಿದ್ದಾರೆ. ಬಿಳಿಗಲ್ಲಹಟ್ಟಿಯ ಬಾಲವಾಡಿಯನ್ನು ಸಾಕಷ್ಟು ಮಕ್ಕಳಿಲ್ಲದ ಕಾರಣ ಆಗಸ್ಟ್ ಇಪ್ಪತ್ತೊಂಬತ್ತರಂದೇ ಮುಚ್ಚಲಾಗಿದೆ ಎಂದು ಅದರಲ್ಲಿ ಬರೆದಿದೆ. ನೀವು ಹೇಳಿದ ಆ ಬುಧವಾರ.

ಮೂರು ವರ್ಷ ಮನೆ ಮನೆಗೆ ಹೋಗಿ, ಅವರ ಬಾಗಿಲಲ್ಲಿ ನಿಂತು, ಬೈಸಿಕೊಂಡು ಒಂದೊಂದು ಮಗುವನ್ನು ಕರೆತಂದಿದ್ದೆ. ಬಾಗಿಲು ಹಾಕಿದ್ದಾರೆ ಎಂಬ ಒಂದು ಸಾಲು ನೀವು ಬರೆದಿದ್ದರೆ ನಾನು ಮಾರನೆಯ ದಿನವೇ ಬರುತ್ತಿದ್ದೆ. ಆಗ ಹದಿಮೂರು ಮಕ್ಕಳನ್ನು ಹೊಂದಿಸುವುದು ನನಗೆ ಕಷ್ಟವಾಗುತ್ತಿರಲಿಲ್ಲ. ದಸರೆಗೆ ಬರುತ್ತೇನೆ ಎಂದಾಗಲೂ ಬೇಡ ಎಂದಿರಿ. ನಾನು ಇಲ್ಲದೆಯೇ ನಿಮಗೆ ಚೆನ್ನಾಗಿದೆ ಎಂದುಕೊಂಡೆ. ಹಬ್ಬದ ಆರು ದಿನವೂ ನನಗೆ ಜ್ವರ ಇತ್ತು. ಕಾವಲಿನ ಅಜ್ಜಿ ಗಂಜಿ ಕಾಯಿಸಿ ಕೊಟ್ಟರು. ಆಗಲೂ ನಿಮ್ಮ ಹದಿನೆಂಟು ಮಕ್ಕಳನ್ನು ನೆನೆಯುತ್ತಿದ್ದೆ, ಅವರಿಗೆ ನಾನೇ ಹೆಸರು ಕೊಟ್ಟುಕೊಂಡು.

ಒಂದೇ ಪ್ರಶ್ನೆ. ಕಿವಿ ಮುಟ್ಟಿದ ಹತ್ತೊಂಬತ್ತು ಮಕ್ಕಳಲ್ಲಿ ಈಗ ಎಷ್ಟು ಜನ ಶಾಲೆಯಲ್ಲಿದ್ದಾರೆ? ನಿಜ ಬರೆಯಿರಿ.

ಚಂದ್ರಕ್ಕ


ಬಿಳಿಗಲ್ಲಹಟ್ಟಿ
3-1-1974

ಚಂದ್ರಿ,

ಎಂಟು.

ನೀವು ಎಂದು ಬರೆದಿದ್ದೀಯ. ಅದಕ್ಕಿಂತ ಬಂದು ಎರಡು ಬೈದಿದ್ದರೆ ಚೆನ್ನಾಗಿತ್ತು. ಇದು ನಾಲ್ಕನೇ ಸಲ ಬರೆಯುತ್ತಿರುವುದು. ಮೊದಲ ಮೂರರಲ್ಲಿ ನಾಗರಾಜಪ್ಪನದೇ ತಪ್ಪು ಎಂದು ಬರೆದು ಹರಿದು ಹಾಕಿದೆ.

ಹಳ್ಳದಾಚೆಯ ಹಟ್ಟಿಗೆ ಹೋದದ್ದು ನಿಜ. ಭಾಷಣ ಮಾಡಿದ್ದೂ ನಿಜ. ಎತ್ತಪ್ಪ ಪೂರಾ ಕೇಳಿ, "ಅಲ್ಲಣ್ಣ, ದಿನಾ ಹಳ್ಳ ದಾಟ್ಸಿ ಕರ್ಕಂಡ್ಬರೋರ್ಯಾರು, ಕರ್ಕಂಡೋಗೋರ್ಯಾರು" ಎಂದ. ಒಂದು ಮಗುವೂ ಬರಲಿಲ್ಲ. ಹನ್ನೆರಡೇ ಉಳಿದವು. ಅಮ್ಮಾವ್ರು ಬರುವ ದಿನ ಒಂದನೇ ಕ್ಲಾಸಿನ ಮಕ್ಕಳನ್ನು ಒಂದು ಗಂಟೆಯ ಮಟ್ಟಿಗೆ ಕರೆತಂದು ಕೂರಿಸಿದೆ. ನಾನು ಅಷ್ಟು ಜಾಣ ಎಂದುಕೊಂಡಿದ್ದೆ. ಶಾಲೆಯ ಗಂಟೆ ಹೊಡೆಯಿತು, ಅವು ಸ್ಲೇಟು ಎತ್ತಿಕೊಂಡು ಎದ್ದು ಓಡಿದವು. ಅಮ್ಮಾವ್ರು ನಗಲೂ ಇಲ್ಲ, ಬೈಯಲೂ ಇಲ್ಲ. ಗೋಧಿ ರವೆಯ ಮೂಟೆ, ಹಾಲಿನ ಪುಡಿ, ಎಣ್ಣೆಯ ಡಬ್ಬ ಜೀಪಿಗೆ ಹಾಕಿಸಿದರು. ಕೊಟ್ರಮ್ಮ ಪಾತ್ರೆ ತೊಳೆದು ಒರೆಸಿ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕನ ಮಗ್ಳು ಮನೆಗೆ ಬರೋ ದಾರಿಗೆ ನೀನೇ ಮುಳ್ಳು ಹಾಕ್ದೆ ಕಣಪ್ಪ" ಎಂದಳು. ಅವತ್ತಿನಿಂದ ನನ್ನನ್ನು ಮಾತಾಡಿಸುವುದಿಲ್ಲ.

ನಿಂಗಿಯ ವಿಷಯ ಬರೆಯಬೇಕು. ಮುಂದಿನ ಸಾಲಿನಲ್ಲಿ ಕೂತಿದ್ದಳು ಎಂದಿದ್ದೆ. ಕೂರಿಸಿದ್ದರು. ಮಧ್ಯಾಹ್ನ ನಿದ್ದೆ ಹೋಗುತ್ತಿದ್ದಳು, ನೀನು ಹೇಳಿದ ಹಾಗೆಯೇ. ಒಂದು ದಿನ ಮೇಷ್ಟ್ರು ಮೇಜಿನ ಮೇಲೆ ಕೋಲು ಬಡಿದ. ಅವಳಿಗೆ ಹೊಡೆಯಲಿಲ್ಲ, ಮೇಜಿಗೆ ಹೊಡೆದದ್ದು. ಅವಳು ಕೂತಲ್ಲೇ ಒದ್ದೆ ಮಾಡಿಕೊಂಡಳು. ಉಳಿದವು ನಕ್ಕವು. ಮಾರನೆಯ ದಿನದಿಂದ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ನಾನು ಶೇಂಗಾ ಕಾವಲಿದ್ದ ಹೊಲಕ್ಕೇ ದುರುಗಕ್ಕ ಕೆಲಸಕ್ಕೆ ಬಂದಳು. ನಿಂಗಿ ಬದುವಿನ ಮೇಲೆ ಕೂತು ಹಸಿ ಕಾಯಿ ಬಿಡಿಸಿ ತಿನ್ನುತ್ತಿದ್ದಳು. ಮಾತಾಡಿಸಿದೆ. ನನ್ನನ್ನು ನೋಡಿದ ಕೂಡಲೇ ಬಲಗೈ ಎತ್ತಿ ತಲೆಯ ಮೇಲಿನಿಂದ ತಂದು ಕಿವಿ ಮುಟ್ಟಿ ತೋರಿಸಿದಳು. ನಾನು ಅದನ್ನೇ ಕೇಳುತ್ತೇನೆ ಎಂದುಕೊಂಡಿದ್ದಳು.

ಚಂದ್ರಿ, ಅವತ್ತೇ ನಿನಗೆ ಬರೆಯಬೇಕಿತ್ತು. ಬರೆದರೆ ನಿನ್ನಿಂದ ಕಾಗದ ಬರುವುದು ನಿಲ್ಲುತ್ತದೆ ಎಂದು ಹೆದರಿದೆ. ನೀನು ದಸರೆಗೆ ಬರುತ್ತೇನೆ ಎಂದಾಗ, ಬೀಗ ಹಾಕಿದ ಬಾಗಿಲನ್ನು ನೀನು ನೋಡುತ್ತೀಯ ಎಂದು ಬೇಡ ಎಂದೆ. ನೀನು ಇಲ್ಲದೆ ನನಗೆ ಚೆನ್ನಾಗಿರಲಿಲ್ಲ. ಶೇಂಗಾ ಕಾವಲು ಒಪ್ಪಿದ್ದು ಕೂಲಿಗಲ್ಲ. ಮನೆಯಲ್ಲಿ ಒಬ್ಬನೇ ಉಣ್ಣಲು ಬೇಸರವಾಗಿ.

ನಿನ್ನ ಕಾಗದ ಬಂದ ಮಾರನೆಯ ದಿನವೇ ನಾಗರಾಜಪ್ಪ ಮೇಷ್ಟ್ರ ಹತ್ತಿರ ಹೋದೆ. ತಪ್ಪಾಯಿತು ಎಂದೆ. ನೀನು ಜುಲೈನಲ್ಲಿ ಹೇಳು ಎಂದಿದ್ದ ಮಾತು. ಅವರು ಹಾಜರಿ ಪುಸ್ತಕ ಮುಚ್ಚಿಟ್ಟು, "ತಪ್ಪು ನಂದೂ ಐತಪ್ಪ, ನಾನೂ ಕತ್ತು ವಾಲಿದ್ದು ನೋಡಿದ್ದೆ" ಎಂದರು. ಇನ್ನು ಹೆಸರು ತೆಗೆದರೆ ಆ ಮಕ್ಕಳಿಗೆ ಶಾಲೆಯಲ್ಲಿ ಜಾಗವೂ ಇರುವುದಿಲ್ಲ, ಹೋಗಲು ಬಾಲವಾಡಿಯೂ ಇಲ್ಲ. ಅದಕ್ಕೆ ಹೀಗೆ ಮಾಡಿದ್ದೇವೆ. ಮನೆಯವರು ಎಂಟು ಗಂಟೆಗೆ ಕೂಲಿಗೆ ಹೊರಡುತ್ತಾರೆ. ಅದಕ್ಕೆ ಮೊದಲು ನಾನು ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆದುಕೊಳ್ಳುತ್ತೇನೆ. ಮುಖ ತೊಳೆಸಿ, ಬಾಲವಾಡಿಯ ಜಗಲಿಯ ಮೇಲೆ ಆಡಿಸಿಕೊಂಡಿದ್ದು, ಗಂಟೆ ಹೊಡೆದ ಮೇಲೆ ಒಂದನೇ ಕ್ಲಾಸಿನಲ್ಲಿ ಅವರ ಜೊತೆ ಗೋಡೆ ಪಕ್ಕ ನಾನೂ ಕೂರುತ್ತೇನೆ. ನಿದ್ದೆ ಬಂದವರು ನನ್ನ ತೊಡೆಯ ಮೇಲೆ ಮಲಗುತ್ತಾರೆ. ಐವತ್ತಾರು ವರ್ಷಕ್ಕೆ ಒಂದನೇ ಕ್ಲಾಸು ಎಂದು ಊರಿನವರು ನಗುತ್ತಾರೆ.

ಬಿಟ್ಟು ಹೋದ ಹನ್ನೊಂದು ಮಕ್ಕಳಲ್ಲಿ ಎರಡು ಈ ವಾರ ವಾಪಸು ಬಂದಿವೆ, ಎಂಟು ಹೋಗಿ ಹತ್ತಾಗಿದೆ. ನಿಂಗಿ ಬಂದಿಲ್ಲ. ದುರುಗಕ್ಕ ಬಾಗಿಲಿಗೆ ಬರುವುದಿಲ್ಲ, ಒಳಗಿನಿಂದಲೇ ಬೇಡ ಎನ್ನುತ್ತಾಳೆ.

ದಾಸಣ್ಣ


ಧಾರವಾಡ
27-1-1974

ಮಾವ,

ನಿನ್ನ ಕಾಗದವನ್ನು ಯಾರಿಗೂ ಓದಿ ಹೇಳಲಿಲ್ಲ. ನಾನೇ ಎರಡು ಸಲ ಓದಿದೆ. ಸಿಟ್ಟು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಮೇಲೆ ಇರುವುದಕ್ಕಿಂತ ನನ್ನ ಮೇಲೆ ಹೆಚ್ಚಿದೆ. ಜುಲೈನಲ್ಲಿ ನೀನು ಹದಿನೆಂಟು ಎಂದಾಗ ನನಗೆ ಅನುಮಾನ ಬಂದಿತ್ತು. ನಂಬಿದರೆ ನಿದ್ದೆ ಬರುತ್ತದೆ ಎಂದು ನಂಬಿಬಿಟ್ಟೆ.

ಜಗಲಿಯ ಮೇಲೆ ಆಡಿಸುವಾಗ ಒಂದಿಷ್ಟು ಮಂಡಕ್ಕಿಯೋ ಬೆಲ್ಲವೋ ಕೊಡು. ಖಾಲಿ ಹೊಟ್ಟೆಯಲ್ಲಿ ಕೂರಿಸಬೇಡ. ಕೊಟ್ರಮ್ಮನನ್ನು ಕೇಳು, ಅವಳು ಬೈದರೂ ಬರುತ್ತಾಳೆ.

ನಾನು ಭಾನುವಾರ ರಾತ್ರಿ ಇಲ್ಲಿಂದ ಹೊರಟು ಫೆಬ್ರವರಿ ಹದಿನೆಂಟು ಸೋಮವಾರ ಹೊಸ ಊರಿಗೆ ಹೋಗುತ್ತಿದ್ದೇನೆ. ಅದೇ ದಿನ ಮಧ್ಯಾಹ್ನದೊಳಗೆ ಹೊಸದುರ್ಗದಲ್ಲಿ ಹಾಜರಾಗಬೇಕು, ಇಳಿದು ಮನೆಗೆ ಬಂದು ಹೋಗಲು ಆಗುವುದಿಲ್ಲ. ಆಮೇಲೆ ಆರು ತಿಂಗಳು ರಜೆ ಕೊಡುವುದಿಲ್ಲವಂತೆ. ಆದರೆ ಪ್ಯಾಸೆಂಜರ್ ಗಾಡಿ ಹತ್ತೂವರೆಗೆ ರಾಮಗಿರಿ ಸ್ಟೇಷನ್ನಿನಲ್ಲಿ ಎರಡು ನಿಮಿಷ ನಿಲ್ಲುತ್ತದೆ. ನಾನು ಗುಡ್ಡದ ಕಡೆಯ ಕಿಟಕಿಯಲ್ಲಿ ಕೂತಿರುತ್ತೇನೆ. ನೀನು ಬಾ. ಏನೂ ತರಬೇಡ. ಒಂಬತ್ತು ತಿಂಗಳಾಯಿತು ನಿನ್ನ ಮುಖ ನೋಡಿ.

ಚಂದ್ರಕ್ಕ


ಬಿಳಿಗಲ್ಲಹಟ್ಟಿ
18-2-1974, ಸೋಮವಾರ ಸಂಜೆ

ಚಂದ್ರಿ,

ಬಸ್ಸು ತಪ್ಪಿತು ಎಂದು ಬರೆಯಬಹುದಿತ್ತು. ಬಂದಿದ್ದೆ, ಜನರ ನಡುವೆ ನಿನಗೆ ಕಾಣಲಿಲ್ಲ ಎಂದೂ ಬರೆಯಬಹುದಿತ್ತು. ನೀನು ನಂಬುತ್ತಿದ್ದೆ. ನಾನು ಬರಲಿಲ್ಲ.

ಶನಿವಾರ ಪಂಚೆ ಒಗೆದು ಮಡಿಸಿ ಇಟ್ಟಿದ್ದೆ. ನೆರೆಮನೆಯ ಕಾಟಯ್ಯನ ಸೈಕಲ್ಲನ್ನೂ ಕೇಳಿಟ್ಟಿದ್ದೆ. ಭಾನುವಾರ ಸಂಜೆ ದುರುಗಕ್ಕ ತಾನಾಗಿಯೇ ನಮ್ಮ ಬಾಗಿಲಿಗೆ ಬಂದಳು. ನಿಲ್ಲಲಿಲ್ಲ, ಕೂರಲಿಲ್ಲ. "ನಾಳಿಕೆ ಕಳಿಸ್ತೀನಣ್ಣ. ನೀನೇ ಬಂದು ಕರ್ಕಂಡೋಗ್ಬೇಕು. ಸಂಜೀಗಂಟ ನೀನು ಅವ್ಳ ಪಕ್ಕದಲ್ಲೇ ಇರ್ಬೇಕು. ನೀನಿಲ್ಲ ಅಂತ ಗೊತ್ತಾದ್ರೆ ಇನ್ನೊಂದ್ಸಲ ಕೇಳ್ಬ್ಯಾಡ" ಎಂದಳು. ನಾಳೆ ಬೇಡ, ನಾಡಿದ್ದು ಎನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ.

ಬೆಳಿಗ್ಗೆ ಹೋಗಿ ಕರೆದುಕೊಂಡೆ. ತಲೆಗೆ ಎಣ್ಣೆ ಹಾಕಿ ಬಾಚಿದ್ದಳು ದುರುಗಕ್ಕ. ನೀನು ಹೇಳಿದಂತೆ ಬೈದುಕೊಂಡೇ ಬರುವ ಕೊಟ್ರಮ್ಮ ಜಗಲಿಯ ಮೇಲೆ ಒಂದು ಹಿಡಿ ಮಂಡಕ್ಕಿ ಕೊಟ್ಟರೆ ನಿಂಗಿ ತಿನ್ನದೆ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು. ಗಂಟೆ ಹೊಡೆಯಿತು. ಒಳಗೆ ಗೋಡೆ ಪಕ್ಕ ಕೂತೆವು. ಮೇಷ್ಟ್ರು ಕೋಲನ್ನು ಮೊದಲೇ ಬೀರುವಿನ ಹಿಂದೆ ಇಟ್ಟಿದ್ದರು. ಹಾಜರಿ ಕೂಗಲು ಶುರು ಮಾಡಿದರು.

ಆಗ ಗುಡ್ಡದ ಕಡೆಯಿಂದ ಗಾಡಿಯ ಶಿಳ್ಳೆ ಕೇಳಿಸಿತು. ಗಾಳಿ ಇತ್ತ ಕಡೆಗೇ ಬೀಸುತ್ತಿತ್ತು. ನಿಲ್ಲುವುದೂ ಕೇಳಿಸಿತು. ನೀನು ಕಿಟಕಿಯಲ್ಲಿ ಕತ್ತು ಹೊರಗೆ ಹಾಕಿ ನೋಡುತ್ತಿರುತ್ತೀಯ ಎಂದು ಗೊತ್ತಿತ್ತು. ಎರಡು ನಿಮಿಷ ಎಷ್ಟು ಉದ್ದ ಎಂದು ನನಗೆ ಇಷ್ಟು ವರ್ಷ ತಿಳಿದಿರಲಿಲ್ಲ.

ಮೇಷ್ಟ್ರು ನಿಂಗಿಯ ಹೆಸರು ಕೂಗಿದರು. ಅವಳು ತಲೆ ಬಗ್ಗಿಸಿದಳು. ಎರಡನೇ ಸಲ ಕೂಗಿದರು, ಮೆಲ್ಲಗೆ. ನಾನು ಏನೂ ಹೇಳಿಕೊಡಲಿಲ್ಲ. ಮಕ್ಕಳೆಲ್ಲ ತಿರುಗಿ ನೋಡುತ್ತಿದ್ದವು, ಯಾರೂ ನಗಲಿಲ್ಲ. ಮೂರನೇ ಸಲಕ್ಕೆ ಅವಳು ನನ್ನ ತೋಳಿನ ಹಿಂದಿನಿಂದಲೇ "ಬಂದೀನಿ" ಎಂದಳು.

ಅಷ್ಟು ಹೊತ್ತಿಗೆ ನಿನ್ನ ಗಾಡಿ ಹೊರಟಿತ್ತು.

ದಾಸಣ್ಣ